ಮೂರು ತಿಂಗಳ ಕಾಯುವಿಕೆ

ವಿಭೂತಿ ಬುಧವಾರದ ಹಿಂದಿನ ದಿನ ಯಲಹಂಕದ ಸ್ಕ್ಯಾನಿಂಗ್ ಕೇಂದ್ರವೊಂದರಿಂದ ಲಕೋಟೆ ಹಿಡಿದು ಹೊರಬಂದೆ. ಹೊಟ್ಟೆಯ ಎಡಭಾಗದ ಮಂದ ನೋವಿಗಾಗಿ ಮಾಡಿಸಿದ ಪರೀಕ್ಷೆ ಅದು. ಬಸ್ ನಿಲ್ದಾಣದಲ್ಲೇ ತೆರೆದು ಓದಿದೆ: ಎಡ ಅಂಡಾಶಯದಲ್ಲಿ 4.5 ಸೆಂಟಿಮೀಟರ್ ಅಳತೆಯ ಸಿಸ್ಟ್, ಎಂದರೆ ನೀರುಗುಳ್ಳೆ. ವಿವರಿಸಿ ಹೇಳುವವರು ಯಾರೂ ಇರಲಿಲ್ಲ. ಮರುದಿನ ಗುರುಗಳು ಹಣೆಗೆ ವಿಭೂತಿ ಹಚ್ಚಿ ಮಣ್ಣಿಗೆ ಮರಳುವುದನ್ನು ನೆನಪಿಸಿದಾಗ, ಪ್ರತಿವರ್ಷ ಕೇಳುತ್ತಿದ್ದ ಆ ಮಾತು ನನಗೊಬ್ಬಳಿಗೇ ಹೇಳಿದಂತಾಯಿತು.

ಕಾರಣವಿತ್ತು. ನನ್ನ ಚಿಕ್ಕಮ್ಮ, ಅಮ್ಮನ ತಂಗಿ, 2009ರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಹೊಟ್ಟೆ ಉಬ್ಬರಿಸುತ್ತದೆ, ಎರಡು ತುತ್ತಿಗೇ ತುಂಬಿದಂತಾಗುತ್ತದೆ ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರು. ಗ್ಯಾಸ್ ಇರಬೇಕೆಂದು ನಾವೇ ಜೀರಿಗೆ ಕಷಾಯ ಕಾಯಿಸಿ ಕೊಟ್ಟೆವು. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಗೆ ಕರೆದೊಯ್ಯುವ ಹೊತ್ತಿಗೆ ರೋಗ ಒಡಲೆಲ್ಲ ಹರಡಿತ್ತು.

ಮನೆಯವರಿಗೂ ಹೇಳದೆ ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗಿ ಹರಕೆ ಹೊತ್ತೆ. ವೈದ್ಯರ ಬಳಿ ಹೋಗಲು ಮಾತ್ರ ಎರಡು ವಾರ ಬೇಕಾಯಿತು. ನಾನು ಭಕ್ತಿಯೆಂದುಕೊಂಡದ್ದರಲ್ಲಿ ಹೇಡಿತನದ ಪಾಲೆಷ್ಟೆಂಬುದು ದೇವರಿಗೇ ಗೊತ್ತು.

ಹೆಬ್ಬಾಳದ ಆ ಸ್ತ್ರೀರೋಗ ತಜ್ಞೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಪ್ರತಿ ತಿಂಗಳೂ ಅಂಡಾಣುವನ್ನು ಹೊತ್ತ ಕಿರುಚೀಲವೊಂದು ಬೆಳೆದು ಒಡೆಯುತ್ತದೆ. ಕೆಲವೊಮ್ಮೆ ಒಡೆಯದೆ ನೀರು ತುಂಬಿ ಉಳಿಯುತ್ತದೆ. ಗೋಡೆ ತೆಳುವಾಗಿದ್ದು, ಒಳಗೆ ಗಟ್ಟಿ ಭಾಗಗಳಿಲ್ಲದೆ ತಿಳಿನೀರಷ್ಟೇ ಇದ್ದರೆ, ಮುಟ್ಟು ನಿಲ್ಲದ ವಯಸ್ಸಿನಲ್ಲಿ ಅದು ಕ್ಯಾನ್ಸರ್ ಆಗಿರುವ ಸಂಭವ ತೀರಾ ಕಡಿಮೆ. ರಕ್ತ ತುಂಬಿದ ಚಾಕೊಲೇಟ್ ಸಿಸ್ಟಿನ ಮಾತು ಬೇರೆ. ಅಲ್ಲಿ ಮುಂದಿನ ಅಪಾಯ ತುಸು ಹೆಚ್ಚು. "ಮೂರು ತಿಂಗಳು ಕಾಯೋಣ. ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಮಾತ್ರ ತಕ್ಷಣ ಬನ್ನಿ, ಅಂಡಾಶಯ ತಿರುಚಿಕೊಂಡಿರಬಹುದು" ಎಂದರು.

ಸಿ.ಎ. 125 ರಕ್ತಪರೀಕ್ಷೆ ಬೇಡವೇ ಎಂದು ಕೇಳಿದೆ, ನೆಂಟರೊಬ್ಬರು ಒತ್ತಾಯಿಸಿದ್ದರು. ಅದು ಗರ್ಭಕೋಶದ ಸಾಧಾರಣ ಗಡ್ಡೆಗಳಿಗೂ, ಮುಟ್ಟಿನ ದಿನಗಳಲ್ಲಿಯೂ ಏರಬಲ್ಲದಂತೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಲಕ್ಷಣವಿಲ್ಲದವರಿಗೆ ಇಂಥ ತಪಾಸಣೆ ಮಾಡಿದ್ದರಿಂದ ಸಾವುಗಳು ತಗ್ಗಲಿಲ್ಲವಂತೆ. ಲಕ್ಷಣಗಳು ವಾರಗಟ್ಟಲೆ ಬಿಡದೆ ಉಳಿದರೆ ನಿರ್ಲಕ್ಷಿಸಬಾರದು ಎಂದು ಅವರು ಹೇಳಿದ ಪಟ್ಟಿಯಲ್ಲಿ ಚಿಕ್ಕಮ್ಮನ ಮಾತುಗಳೇ ಇದ್ದವು: ಉಬ್ಬರ, ಎರಡೇ ತುತ್ತು.

ಕಾಯುವ ದಿನಗಳಲ್ಲಿ ಜೇನ್ ಕ್ರಾಫರ್ಡ್ ಎಂಬಾಕೆಯ ಕಥೆ ಓದಿದೆ. ಅಂಡಾಶಯದ ಭಾರೀ ಗಡ್ಡೆ ಹೊತ್ತು ಅಮೆರಿಕದ ಕೆಂಟಕಿಯಲ್ಲಿ ಸುಮಾರು ನೂರು ಕಿಲೋಮೀಟರ್ ಕುದುರೆಯ ಮೇಲೆ ಬಂದ ಆಕೆಗೆ, ಡಾ. ಎಫ್ರೇಮ್ ಮೆಕ್‌ಡೊವೆಲ್ 1809ರ ಕ್ರಿಸ್ಮಸ್ ದಿನ, ಅರಿವಳಿಕೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದರು. ಆಕೆ ಕೀರ್ತನೆಗಳನ್ನು ಪಠಿಸುತ್ತಾ ಸಹಿಸಿದಳಂತೆ. ಬಳಿಕ 30ಕ್ಕೂ ಹೆಚ್ಚು ವರ್ಷ ಬದುಕಿದಳು. ನನ್ನ ನಾಲ್ಕೂವರೆ ಸೆಂಟಿಮೀಟರಿನ ಗೋಳಾಟಕ್ಕೆ ನನಗೇ ನಾಚಿಕೆಯಾಯಿತು.

ಪವಿತ್ರ ಹೃದಯದ ಹಬ್ಬದ ವಾರ ಮತ್ತೆ ಸ್ಕ್ಯಾನ್ ಮಾಡಿದಾಗ ಗುಳ್ಳೆ ಇರಲಿಲ್ಲ. ಆದರೆ ವೈದ್ಯೆ ಚಿಕ್ಕಮ್ಮನ ಸಂಗತಿಯನ್ನು ಮರೆತಿರಲಿಲ್ಲ. ಬಂಧುಗಳಲ್ಲಿ ಇನ್ಯಾರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತು ಎಂದು ವಿಚಾರಿಸಿದರು. ಅಮ್ಮನ ಸೋದರತ್ತೆಯ ನೆನಪಾಯಿತು. ಬಿ.ಆರ್.ಸಿ.ಎ. ಎಂಬ ವಂಶವಾಹಿಗಳಲ್ಲಿ ದೋಷವಿದ್ದರೆ ಅದು ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ರೋಗ ಬಂದವರನ್ನೇ ಮೊದಲು ಪರೀಕ್ಷಿಸಬೇಕಿತ್ತು; ಅವರಿಲ್ಲ. ಹಾಗಾಗಿ ಅಮ್ಮನಿಂದ ಆರಂಭಿಸುವುದು ಒಳಿತೆಂದರು. ನನಗೆ 19 ವರ್ಷದ ಮಗಳಿದ್ದಾಳೆ.

ಎಪ್ಪತ್ತೆರಡರ ಅಮ್ಮನಿಗೆ ಇದನ್ನು ಹೇಗೆ ಹೇಳುವುದೆಂದು ಒಂದು ವಾರ ತೊಳಲಾಡಿದೆ. ಕೇಳಿ ಮುಗಿಸಿದ ಮೇಲೆ ಅವರು, "ತಂಗಿಗೆ ಕಷಾಯ ಕೊಟ್ಟವಳು ನಾನೂ ಹೌದಲ್ಲವೇ ಮಗಳೇ, ಯಾವತ್ತು ಹೋಗೋಣ?" ಎಂದರು.

ವರದಿ ಇನ್ನೂ ಬಂದಿಲ್ಲ. ಬೇಕಿಲ್ಲವೆಂದು ಎಷ್ಟು ಹೇಳಿದರೂ, ರಕ್ತ ಕೊಡುವ ದಿನ ಅಮ್ಮ ಉಪವಾಸವಿದ್ದೇ ಹೊರಟಿದ್ದರು.