ಅರ್ಜಿಗೆ ಒಂದು ವರ್ಷ, ಗಾಡಿಗೆ ಒಂದು ದಿನವೂ ಇಲ್ಲ

ಮುಳ್ಳೂರಿನ ಕಂಪ್ಯೂಟರ್ ಅಂಗಡಿ. ಬೆಂಚಿನ ಮೇಲೆ ಕೊಂಚ ಸರಿದು ಕೂರಿ, ಇನ್ನೊಬ್ಬರು ಬಂದರು. ಟಿವಿಎಸ್ ಎಕ್ಸೆಲ್ಲನ್ನು ಹೊರಗೆ ನಿಲ್ಲಿಸಿದ್ದಾರೆ, ಹಿಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡೇ ಬಂದಿದ್ದಾರೆ. ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು, ಅದರೊಳಗಿಂದ ಮತ್ತೊಂದು ಕವರು, ಆಮೇಲೆ ಲೈಸೆನ್ಸು. ಕಾವೇರಿ ದಂಡೆಯ ಊರು ಇದು. ಕೆಆರ್‌ಎಸ್ಸು, ಕಬಿನಿ ಎರಡೂ ತುಂಬಿ ನೀರು ಬಿಟ್ಟ ವರ್ಷ ಹೊಳೆ ಗದ್ದೆಯ ಮೇಲೆ ಬರುತ್ತದೆ. ಕಾಗದಪತ್ರವನ್ನು ಬಿಗಿಯಾಗಿ ಸುತ್ತಿಡುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ.

ಅಂಗಡಿಯ ಹುಡುಗ ಲೈಸೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾನೆ. ಕೆಎ 10, ಅಂದರೆ ಚಾಮರಾಜನಗರ ಆರ್‌ಟಿಓ. ಕೊಟ್ಟದ್ದು 2005ರ ಜುಲೈನಲ್ಲಿ. ಈಗ 2025ರ ನವೆಂಬರ್.

‘ಮಾವ, ಇದು ಮುಗುದು ನಾಕ್ ತಿಂಗ್ಳಾಯ್ತಲ್ಲ.’

‘ಗೊತ್ತು ಕಣ್ ಮೊಗ. ಒಂದ್ ವರ್ಸ ಟೇಮ್ ಅದ ಅಂದ್ರು.’

‘ಟೇಮ್ ಇರಾದು ಅರ್ಜಿ ಹಾಕಕ ಮಾವ, ಗಾಡಿ ಓಡ್ಸಕಲ್ಲ.’

ಬೆಂಚಿನ ಮೇಲಿದ್ದವರೆಲ್ಲ ಹುಡುಗನ ಕಡೆ ತಿರುಗುತ್ತಾರೆ. ಮಾವನ ಮುಖದಲ್ಲಿ ಅಪನಂಬಿಕೆ. ಕೊರೊನಾ ಕಾಲದಲ್ಲಿ ಮುಗಿದ ಲೈಸೆನ್ಸೂ ನಡೆಯುತ್ತದೆ ಅಂದಿದ್ದರಲ್ಲ ಎಂದು ಕೇಳುತ್ತಾರೆ. ಕೇಳಿದ್ದು ತಪ್ಪಲ್ಲ. 2020ರ ಫೆಬ್ರವರಿ 1ರ ನಂತರ ಮುಗಿದ ಲೈಸೆನ್ಸುಗಳನ್ನು ಕೇಂದ್ರ ಸರ್ಕಾರ ಹಲವು ಸಲ ಮುಂದೂಡಿತ್ತು, ಆದರೆ ಆ ರಿಯಾಯಿತಿ 2021ರ ಅಕ್ಟೋಬರ್ 31ಕ್ಕೇ ಮುಗಿಯಿತು. ಅದಕ್ಕೂ ಹಿಂದೆ, ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸು ಜೀವಂತ ಎನ್ನುವ ಮಾತು ಕಾಯ್ದೆಯಲ್ಲೇ ಇತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿ, ನವೀಕರಣದ ಅರ್ಜಿಗೆ ಮಾತ್ರ ಮುಂಚೆ ಒಂದು ವರ್ಷ, ಆಮೇಲೆ ಒಂದು ವರ್ಷ ಅವಕಾಶ ಕೊಟ್ಟಿತು. ಜನರ ಕಿವಿಗೆ ಬಿದ್ದದ್ದು ಆ ಒಂದು ವರ್ಷ. ತೆಗೆದುಹಾಕಿದ 30 ದಿನದ ಸುದ್ದಿಯನ್ನು ಯಾರೂ ಹೇಳಲಿಲ್ಲ. ಹಾಗಾಗಿ ಈ ನಾಲ್ಕು ತಿಂಗಳು ಗದ್ದೆಗೆ, ಡೇರಿಗೆ, ಕೊಳ್ಳೇಗಾಲದ ಸಂತೆಗೆ ಮಾವ ಓಡಿಸಿದ್ದೆಲ್ಲ ಲೈಸೆನ್ಸಿಲ್ಲದ ಓಡಾಟವೇ. ಏನೂ ಆಗದಿದ್ದರೆ ಸರಿ. ಯಾರಿಗಾದರೂ ತಗುಲಿದ್ದರೆ ವಿಮೆ ಕಂಪನಿ ಮೊದಲು ನೋಡುವುದೇ ಈ ತಾರೀಖನ್ನು. ಪರಿಹಾರ ಕೊಟ್ಟರೂ ಆಮೇಲೆ ಗಾಡಿಯ ಮಾಲೀಕನಿಂದ ವಸೂಲಿಗೆ ಬರಬಹುದು.

‘ಹಂಗಾರ ಈಗ ಮನಿಗ ಹೆಂಗ ಹೋಗಾದು?’ ಎಂದು ಮಾವ ಕೇಳಿದ್ದಕ್ಕೆ ಹುಡುಗ ಉತ್ತರ ಕೊಡುವುದಿಲ್ಲ. ಸಾರಥಿ ಪೋರ್ಟಲ್ ತೆರೆದು ರಾಜ್ಯ ಆರಿಸಿ, ಲೈಸೆನ್ಸ್ ನಂಬರು, ಹುಟ್ಟಿದ ದಿನ ಹೊಡೆಯುತ್ತಿದ್ದಾನೆ. ಸೊಟ್ಟ ಅಕ್ಷರಗಳ ಕ್ಯಾಪ್ಚಾ ಮೊದಲ ಸಲ ತಪ್ಪುತ್ತದೆ. ನೀವೂ ಪರದೆಗೆ ಬಗ್ಗಿ ನೋಡಿ: ಹೆಸರು ಬಂತು, ಇಪ್ಪತ್ತು ವರ್ಷದ ಹಿಂದಿನ ಫೋಟೋ ಬಂತು. ಬೆಂಚಿನ ಕೊನೆಯಲ್ಲಿದ್ದವರೊಬ್ಬರು ‘ಏನ್ ಮೀಸ ಇತ್ತಲ್ಲ ನಿಂಗ!’ ಎನ್ನುತ್ತಾರೆ. ಈ ದಾಖಲೆ ಬಂದದ್ದೇ ಅದೃಷ್ಟ. ಕೈಬರಹದ ಹಳೇ ಪುಸ್ತಕದ ಲೈಸೆನ್ಸಾಗಿ ಕಂಪ್ಯೂಟರಿಗೆ ಏರದೆ ಉಳಿದಿದ್ದರೆ, ಮೊದಲು ಆರ್‌ಟಿಓದಲ್ಲಿ ಅದನ್ನು ಏರಿಸಬೇಕಿತ್ತು. ಮನೆಯಲ್ಲೇ ಕೂತು ಮುಗಿಸುವ ಮಾತಿಲ್ಲ.

ಲೈಸೆನ್ಸು ಕೊಟ್ಟಾಗ ಮಾವನಿಗೆ 23 ವರ್ಷ. ಅಂದಿನ ಕಾನೂನಿನಲ್ಲಿ ಇಪ್ಪತ್ತು ವರ್ಷ ಇಲ್ಲವೇ ಐವತ್ತು ತುಂಬುವವರೆಗೆ, ಯಾವುದು ಮೊದಲೋ ಅದು. ಈಗಿನ ಲೆಕ್ಕವೇ ಬೇರೆ. ಸ್ವಂತ ಗಾಡಿಯ ಲೈಸೆನ್ಸಾದರೆ ಮೂವತ್ತರೊಳಗಿನವರಿಗೆ ನಲವತ್ತು ತುಂಬುವವರೆಗೆ; ಮೂವತ್ತರಿಂದ ಐವತ್ತರ ನಡುವಿನವರಿಗೆ ಹತ್ತು ವರ್ಷ; ಐವತ್ತರಿಂದ ಐವತ್ತೈದರೊಳಗೆ ಬಂದರೆ ಅರವತ್ತರವರೆಗೆ; ಆಮೇಲೆ ಐದೈದು ವರ್ಷ. 43ರ ಮಾವನಿಗೆ 2035ರವರೆಗೆ ಸಿಗುತ್ತದೆ. ಎಣಿಕೆ ಹಳೆಯದು ಮುಗಿದ ದಿನದಿಂದಲ್ಲ, ನವೀಕರಣವಾದ ದಿನದಿಂದ. ಈ ವಯಸ್ಸಿನ ಲೆಕ್ಕದಲ್ಲಿ ಒಂದು ನ್ಯಾಯವಿದೆ ಅನ್ನಿಸುತ್ತದೆ ನನಗೆ: ಕಣ್ಣು ಮಂಜಾಗುವ ವಯಸ್ಸಿಗೆ ಬೇಗಬೇಗ ಕರೆದು ನೋಡುತ್ತಾರೆ.

ಆಧಾರ್ ಓಟಿಪಿ ಎಂದಾಗ ಕೆಲಸ ನಿಂತಿತು. ಆಧಾರಿಗೆ ಸೇರಿಸಿದ ನಂಬರಿನ ಫೋನು ಮನೆಯಲ್ಲಿ, ಮಗಳ ಕೈಯಲ್ಲಿ. ಹುಡುಗ ಫೋನ್ ಹಚ್ಚುತ್ತಾನೆ. ಆ ಕಡೆಯಿಂದ ಮಗಳ ಬದಲು ಮನೆಯಾಕೆಯ ದನಿ: ‘ಅದ್ಯಾವದೂ ಯಾರಿಗೂ ಹೇಳ್ಬ್ಯಾಡ ಅಂತ ನೀವೇ ಅಂದಿರಿ!’ ಅಂಗಡಿಯೆಲ್ಲ ನಗುತ್ತದೆ, ಆಕೆಯದೇ ಸರಿ. ಕೊನೆಗೆ ಮಗಳು ಆರಂಕಿ ಓದುತ್ತಾಳೆ. 2021ರ ಮಾರ್ಚ್ 3ರಂದು ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದಿಂದ ಕಚೇರಿಗೆ ಹೋಗದೆ ಮುಗಿಸಬಹುದಾದ 18 ಸೇವೆಗಳನ್ನು ಗುರುತಿಸಿತು. ಚಾಲನಾ ಪರೀಕ್ಷೆ ಬೇಡದ ನವೀಕರಣ ಅದರಲ್ಲೊಂದು. ಯಳಂದೂರು, ಸಂತೇಮರಹಳ್ಳಿ ದಾಟಿ ಚಾಮರಾಜನಗರಕ್ಕೆ ಹೋಗಿ, ಊಟದ ಹೊತ್ತಾಯಿತು ಅನ್ನಿಸಿಕೊಂಡು ಬರುವುದು ಉಳಿಯಿತು.

ಆದರೂ ಪೂರ್ತಿ ಉಳಿಯಲಿಲ್ಲ. ನಲವತ್ತು ದಾಟಿದವರು ವೈದ್ಯಕೀಯ ಪ್ರಮಾಣಪತ್ರದ ನಮೂನೆ 1ಎ ತರಬೇಕು, ವೈದ್ಯರ ಸಹಿ, ಸೀಲಿನ ಸಮೇತ. ಸರಕು ಗಾಡಿ, ಟ್ಯಾಕ್ಸಿ ಓಡಿಸುವವರಿಗೆ ವಯಸ್ಸೆಷ್ಟಿದ್ದರೂ ಅದು ಬೇಕು. ಹುಡುಗ ಖಾಲಿ ನಮೂನೆ ಮುದ್ರಿಸಿ ಕೈಗೆ ಕೊಡುತ್ತಾನೆ.

ಎಕ್ಸೆಲ್ಲನ್ನು ಲೈಸೆನ್ಸಿರುವ ಅಳಿಯ ಬಂದು ಹುಲ್ಲಿನ ಸಮೇತ ಮನೆಗೆ ಒಯ್ದ. ನೀವು ಡಾಕ್ಟರ ಸಹಿಗೆ ಮಾವನ ಜೊತೆ ಕೊಳ್ಳೇಗಾಲದ ಬಸ್ಸು ಹತ್ತಿ. 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ‘ಹೆಂಡ್ರನ್ನೇ ಕಳ್ಸಿದ್ರ ಪುಕ್ಸಟ್ಟೆ ಆಗ್ತಿತ್ತು’ ಎಂದು ಮಾವ ಗೊಣಗುತ್ತಲೇ ನಿಮ್ಮದಕ್ಕೂ ಸೇರಿಸಿ ಚಿಲ್ಲರೆ ಎಣಿಸುತ್ತಾರೆ.

ಡಾಕ್ಟರು ನಮೂನೆಯನ್ನು ಓದಿಕೊಂಡೇ ಕೇಳುವವರು. ಮೂರ್ಛೆ ಬರುತ್ತದೆಯೇ? ಇದ್ದಕ್ಕಿದ್ದಂತೆ ತಲೆ ತಿರುಗಿ ಎಚ್ಚರ ತಪ್ಪಿದ್ದುಂಟೇ? ಕೆಂಪು ಯಾವುದು, ಹಸಿರು ಯಾವುದು? ಇರುಳುಗಣ್ಣು? ಕಿವಿ? ಆಮೇಲೆ ಕಿಟಕಿಯಾಚೆ ನಿಂತ ಕಾರಿಗೆ ಬೆರಳು ತೋರಿಸುತ್ತಾರೆ: ಒಳ್ಳೇ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಓದಬರಬೇಕು ಎನ್ನುವುದು ನಿಯಮ. ಮಾವ ಕಣ್ಣು ಕಿರಿದು ಮಾಡುತ್ತಾರೆ. ನೀವೂ ಸದ್ದಿಲ್ಲದೆ ಓದಲು ನೋಡುತ್ತೀರಿ. ಮಾವ ‘ಕೆಎ ಹತ್ತು’ ಎಂದು ಬೇಗ ಹೇಳಿ, ಕೊನೆಯ ಅಂಕಿ ಎಂಟೋ ಮೂರೋ ಎಂದು ತಡವರಿಸುತ್ತಾರೆ. ಡಾಕ್ಟರು ಸಹಿ ಹಾಕುವುದಿಲ್ಲ. ಮೊದಲು ಕನ್ನಡಕ ಮಾಡಿಸಿಕೊಂಡು ಬನ್ನಿ, ಹಾಕಿಕೊಂಡೇ ಓದಬಹುದು ಎನ್ನುತ್ತಾರೆ. ಮಾವನಿಗೆ ಸಿಟ್ಟು, ಅಂಗಡಿಯವನು ಹತ್ತು ನಿಮಿಷದ ಕೆಲಸ ಅಂದಿದ್ದನಲ್ಲ. ಹತ್ತು ನಿಮಿಷದ ಕೆಲಸವೇ, ಅದು ಅಂಗಡಿಯ ಲೆಕ್ಕ. ಇಪ್ಪತ್ತು ವರ್ಷದಲ್ಲಿ ಮಾವನ ಕಣ್ಣನ್ನು ಯಾರಾದರೂ ಪರೀಕ್ಷಿಸಿದ್ದು ಇದೇ ಮೊದಲು.

ಕನ್ನಡಕ ಬಂದು, ಸಹಿಯೂ ಬಿದ್ದ ಮೇಲೆ ಮತ್ತೆ ಅದೇ ಅಂಗಡಿಗೆ. ನಮೂನೆ ಸ್ಕ್ಯಾನಾಗಿ ಏರಿತು. ಗಡುವಿನೊಳಗೆ ಬಂದವರಿಗೆ ನವೀಕರಣದ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಬೇರೆ, ತಡಮಾಡಿದವರಿಗೆ ಹೆಚ್ಚು. ಹಣ ಕಟ್ಟಿದ ರಸೀದಿ, ಅರ್ಜಿ ನಂಬರು ಕೈಗೆ ಬಂತು. ಆರ್‌ಟಿಓದಲ್ಲಿ ಮಂಜೂರಾಗುವವರೆಗೆ ರಸೀದಿ ಲೈಸೆನ್ಸಲ್ಲ, ಅದನ್ನು ಹುಡುಗ ಮತ್ತೆ ಹೇಳಬೇಕಾಯಿತು.

ಬೆಂಚು ತುಂಬಿದೆ. ಮುದುಕರೊಬ್ಬರ ಲೈಸೆನ್ಸು ಮುಗಿದು ಮೂರು ವರ್ಷ. ಅವರಿಗೆ ಪರದೆಯಲ್ಲಿ ಮುಗಿಯುವ ದಾರಿಯಿಲ್ಲ. ವರ್ಷ ದಾಟಿದವರು ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಗೂಡ್ಸ್ ಆಟೋದ ಹುಡುಗನೊಬ್ಬ ತನಗೆ ಬೇರೆ ಬ್ಯಾಡ್ಜ್ ಬೇಕೇ ಎಂದು ಕೇಳುತ್ತಾನೆ. ಬೇಡ: 7,500 ಕಿಲೋ ಮೀರದ ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಸ್ಕೂಟಿ ನಿಲ್ಲಿಸಿ ಒಳಬಂದವರು ಆಶಾ ಕಾರ್ಯಕರ್ತೆ. 2006ರ ಲೈಸೆನ್ಸು, ಮುಗಿಯಲು ಇನ್ನೂ ಏಳು ತಿಂಗಳಿದೆ. ಈಗಲೇ ಹಾಕಬಹುದೇ? ಹಾಕಬಹುದು, ಮುಂಚಿನ ಒಂದು ವರ್ಷವೂ ಗಡುವಿನೊಳಗೇ. ವಯಸ್ಸು 38, ನಲವತ್ತಾಗಿಲ್ಲವಾದ್ದರಿಂದ ಡಾಕ್ಟರ ಸಹಿ ಬೇಡ, ಆರೋಗ್ಯದ ಸ್ವಯಂಘೋಷಣೆ ಸಾಕು. ಹುಡುಗ ಪ್ರಶ್ನೆಗಳನ್ನು ಓದುತ್ತಾನೆ.

‘ಅಕ್ಕ, 25 ಮೀಟರಿಂದ ನಂಬರ್ ಕಾಣ್ತದಾ?’

‘ಕಾಣ್ತದ.’

‘ರಾತ್ರಿ ಕಣ್ಣು?’

‘ಹೆರಿಗೆ ಕೇಸೆಲ್ಲ ಬರಾದೇ ರಾತ್ರೀಲಿ ಕಣಪ್ಪ, ಕಾಣ್ದೇ ಏನು? ಬಿರ್ನ ಒತ್ತು, ಅಂಗನವಾಡೀಲಿ ಚುಚ್ಚುಮದ್ದು ಅದ.’