ಕೊಂಡ್ಲಹಳ್ಳಿಯ ಮಗಳು

ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯದು ಮಳೆ ಕಡಮೆಯ, ಕಡಲೆಕಾಯಿ ಬೆಳೆಯುವ ಸೀಮೆ. ಬೆಳೆ ಕೈಕೊಟ್ಟ ವರ್ಷ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳ ಸಂಬಳದಿಂದ ಮನೆ ನಡೆಯುವುದು ಇಂದು ಅಪೂರ್ವವಲ್ಲ.

ಭಾನುವಾರ ಸಂಜೆ ಚಳ್ಳಕೆರೆಯ ಬಸ್ಸು ನಿಲ್ದಾಣದಲ್ಲಿ ಇಂತಹ ತರುಣಿಯರನ್ನು ನಾವು ಕಾಣುತ್ತೇವೆ. ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ. ಮುಂದೆ ೨೦೦ ಕಿಲೋಮೀಟರಿನಷ್ಟು ದಾರಿ. ನಗರದಲ್ಲಿ ಇವರ ಸಾಹಸಗಳು ಸಣ್ಣವು: ಮುಂಜಾನೆ ಬಚ್ಚಲಮನೆಗೆ ಸರತಿ, ಮೆಟ್ರೋದ ನೂಕುನುಗ್ಗಲು, ಬಾಡಿಗೆ ಕಳೆದು ಊರಿಗೆ ಕಳುಹಿಸುವ ಹಣದ ಲೆಕ್ಕ.

ಆ ಲೆಕ್ಕದಲ್ಲಿ ಒಂದು ಬಾಬು ಈಗ ತಪ್ಪಿದೆ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆಯು ಆರಂಭವಾಗಿ, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಂಗಸರಿಗೆ ಪ್ರಯಾಣದ ದರವಿಲ್ಲದಂತಾಯಿತು. ಹಬ್ಬಕ್ಕೆ ಮಾತ್ರ ಬರುತ್ತಿದ್ದವಳು ಈಗ ತಾಯಿಗೆ ಜ್ವರವೆಂದರೂ ಬರಬಲ್ಲಳು. ಲಾಳಿ ಅತ್ತಿತ್ತ ಓಡಿದರಲ್ಲವೆ ಸೀರೆ? ಮಗಳು ಹೋಗಿ ಬರುತ್ತಿದ್ದರೇ ಮನೆ.