ಅಪ್ಪನ ಷಟರ್ ಸ್ಪೀಡ್

ಬ್ಯಾಂಕಿನ ಕ್ಯಾಷ್ ಕೌಂಟರಿನಿಂದ ನಿವೃತ್ತರಾದ ಮರುದಿನ ಅಪ್ಪ ಎಂದಿನಂತೆ ಎಂಟೂವರೆಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಸೋಫಾ ಮೇಲೆ ಕೂತಿದ್ದರಂತೆ. "ಎಲ್ಲಿಗೆ ಹೊರಟ್ರಿ?" ಅಂತ ಅಮ್ಮ ಕೇಳಿದರೆ ಉತ್ತರವಿಲ್ಲ. ಅಮ್ಮ ಇದನ್ನ ಫೋನಲ್ಲಿ ನಗುತ್ತಾ ಹೇಳಿದರೂ ನನಗೆ ನಗು ಬರಲಿಲ್ಲ. ಮುಂದಿನ ಸಲ ಮ್ಯೂನಿಕ್‌ನಿಂದ ಮೈಸೂರಿಗೆ ಹೋದಾಗ ಒಂದು ಕ್ಯಾಮೆರಾ, ಜೊತೆಗೆ ಎರಡು ಲೆನ್ಸ್ ತಗೊಂಡು ಹೋದೆ. "ಇಷ್ಟೊಂದು ದುಡ್ಡು ಯಾಕೆ ಸುರಿದೆ ಪುಟ್ಟಿ? ಫೋನಲ್ಲೇ ಬರುತ್ತಲ್ಲ" ಅಂದರು. ಎರಡು ತಿಂಗಳು ಅದು ಬೀರುವಿನಲ್ಲೇ ಇತ್ತು.

ಅದನ್ನು ಹೊರಗೆ ತೆಗೆಸಿದ್ದು ಕುಕ್ಕರಹಳ್ಳಿ ಕೆರೆ. ವಾಕಿಂಗ್ ಹೋದಾಗ ಹೆಜ್ಜಾರ್ಲೆಯೊಂದು ನೀರಿಗಿಳಿಯುವುದನ್ನು ಫೋನಲ್ಲಿ ಹಿಡಿಯಲು ಹೋದರೆ ಬಂದದ್ದು ಒಂದು ಬಿಳಿ ಚುಕ್ಕೆ. ಮಾರನೇ ದಿನವೇ ಕ್ಯಾಮೆರಾ ಹೆಗಲೇರಿತು.

ಅಪ್ಪ ಕಲಿತ ರೀತಿ ಬ್ಯಾಂಕಿನದೇ. ಒಂದು ನೋಟ್‌ಬುಕ್, ಅದರಲ್ಲಿ ಗೆರೆ ಎಳೆದ ಕಾಲಮ್ಮುಗಳು. "300 ಮಿ.ಮೀ.ಗೆ ಕನಿಷ್ಠ 1/300 ಸೆಕೆಂಡ್, ನಮ್ಮ ಸಣ್ಣ ಸೆನ್ಸರಿಗೆ 1/500" ಅಂತ ಮೊದಲ ಪುಟದಲ್ಲೇ ಬರೆದಿದ್ದರು. ಲೆನ್ಸ್ ಉದ್ದವಾದಷ್ಟೂ ಕೈ ಅಲುಗಾಟವೂ ದೊಡ್ಡದಾಗಿ ಕಾಣುತ್ತಲ್ಲ, ಅದಕ್ಕೆ. ನನಗೂ ಪಾಠ ಆಯಿತು: "ಬೆಳಕು ಅಂದ್ರೆ ಸಂಬಳ. ಷಟರ್ ಫಾಸ್ಟ್ ಮಾಡಿದ್ರೆ ಸಂಬಳ ಕಮ್ಮಿ ಬರುತ್ತೆ. ಆಗ ಐಎಸ್‌ಒ ಏರಿಸ್ಬೇಕು, ಅದು ಸಾಲ. ಫೋಟೋದಲ್ಲಿ ಕಾಣೋ ಗ್ರೇನು ಇದೆಯಲ್ಲ, ಅದೇ ಬಡ್ಡಿ."

ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ಒಳಗಿರುವ ಮಾಹಿತಿಯೂ ಅಳಿಸಿಹೋಗುತ್ತದೆ. ಅದಕ್ಕೇ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟಿದ್ದೆ. ಮೈಸೂರಿನಲ್ಲಿ ಬೆಳಗಾದಾಗ ಇಲ್ಲಿನ್ನೂ ಮಧ್ಯರಾತ್ರಿ ದಾಟಿ ಒಂದೆರಡು ಗಂಟೆ. ನಾನು ಏಳುವಷ್ಟರಲ್ಲಿ ಫೋಟೋಗಳು ಬಂದಿರುತ್ತಿದ್ದವು. ಒಂದು ಭಾನುವಾರ, ಕೆಲಸದ ಚಟ ನೋಡಿ, ಎರಡು ವರ್ಷದ ಫೋಟೋಗಳ ಮಾಹಿತಿಯನ್ನೆಲ್ಲ ತೆಗೆದು ಗ್ರಾಫ್ ಹಾಕಿದೆ. ಅಪ್ಪನ ಹುಟ್ಟುಹಬ್ಬಕ್ಕೆ ತಮಾಷೆಯಾಗಿ ಕಳಿಸೋಣ ಅಂತ.

ಮೊದಲ ವರ್ಷ ಷಟರ್ 1/500ರ ಆಸುಪಾಸಿನಲ್ಲಿತ್ತು. ಆಮೇಲೆ ನಿಧಾನವಾಗಿ 1/1000, 1/2000. ಜೊತೆಗೇ ಐಎಸ್‌ಒ ಕೂಡ ಏರಿತ್ತು. ಹಾರೋ ಹಕ್ಕಿ ಹಿಡೀತಿದ್ದಾರೆ ಅಂದುಕೊಂಡು ಫೋಟೋ ತೆರೆದು ನೋಡಿದೆ. ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ. ಅದು ಅಲ್ಲಾಡೋದೇ ಇಲ್ಲ. ಅದಕ್ಕೆ 1/2000 ಯಾಕೆ? ಇಷ್ಟು ಸಾಲ ಅಪ್ಪ ಸುಮ್ಮನೆ ಮಾಡೋರಲ್ಲ.

ಫೋನ್ ಮಾಡಿ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಬಲಗೈ ನಡುಗುತ್ತೆ ಪುಟ್ಟಿ. ಅಮ್ಮನಿಗೆ ಹೇಳ್ಬೇಡ, ಗಾಬರಿ ಆಗ್ತಾಳೆ."

ಹೇಳದೆ ಇರಲಾಗಲಿಲ್ಲ. ಅಮ್ಮ ಗಾಬರಿಯೂ ಆಗಲಿಲ್ಲ. "ನಂಗೊತ್ತಿಲ್ವೇನೇ? ಆರು ತಿಂಗಳಿಂದ ಕಾಫಿ ಲೋಟ ಮುಕ್ಕಾಲಷ್ಟೇ ತುಂಬಿಸ್ತಿದ್ದೀನಿ. ಅವರೇ ಹೇಳ್ಲಿ ಅಂತ ಕಾಯ್ತಿದ್ದೆ." ನಾನು ಗ್ರಾಫ್ ಹಾಕಿ ಕಂಡುಹಿಡಿದದ್ದು ಅಡುಗೆಮನೆಯಲ್ಲಿ ಹಳೇ ಸುದ್ದಿ.

ಮುಚ್ಚಿಡೋದು ಏನೂ ಉಳಿದಿರಲಿಲ್ಲವಾದ್ದರಿಂದ ಅಪ್ಪ ಡಾಕ್ಟರ ಹತ್ತಿರ ಹೋದರು. ನಾನು ರಾತ್ರಿಯೆಲ್ಲ ಪಾರ್ಕಿನ್ಸನ್ ಬಗ್ಗೆ ಓದಿ ಹೆದರಿದ್ದೆ. ಅದರಲ್ಲಿ ಸಾಮಾನ್ಯವಾಗಿ ಸುಮ್ಮನಿಟ್ಟ ಕೈ ನಡುಗುತ್ತದಂತೆ. ಅಪ್ಪನದು ಏನಾದರೂ ಹಿಡಿದಾಗ ಬರುವ ನಡುಕ, ಎಸೆನ್ಷಿಯಲ್ ಟ್ರೆಮರ್ ಅಂದರು ಡಾಕ್ಟರು. ಮಾತ್ರೆ ಕೊಟ್ಟರು. ಪೂರ್ತಿ ಹೋಗೋದಲ್ಲ, ಹತೋಟಿಯಲ್ಲಿಡಬಹುದು ಅಂದರು.

ಕ್ಯಾಮೆರಾ ಮತ್ತೆ ಬೀರು ಸೇರುತ್ತೆ ಅಂತ ನನಗೆ ಭಯ ಇತ್ತು. ಅಪ್ಪ ಟ್ರೈಪಾಡ್ ತಂದರು. ಉದ್ದ ಲೆನ್ಸ್ ತೆಗೆದಿಟ್ಟು, ಮುಟ್ಟದೇ ಇದ್ದ ಚಿಕ್ಕ 18–55 ಹಾಕಿದರು. ಬಟನ್ ಒತ್ತಿದ ಅಲುಗಾಟವೂ ಬೀಳಬಾರದು ಅಂತ ಎರಡು ಸೆಕೆಂಡಿನ ಟೈಮರ್. ಒತ್ತಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲೋದು. ಈಗ ಹಕ್ಕಿ ಬಿಟ್ಟು ಕೆರೆಯನ್ನೇ ತೆಗೆಯುತ್ತಾರೆ: ಮಂಜು, ಏರಿಯ ಮರಗಳು, ಆಚೆ ಚಾಮುಂಡಿ ಬೆಟ್ಟ.

ಕಳೆದ ವಾರ ಬಂದದ್ದು ಸೂರ್ಯ ಹುಟ್ಟುವ ಮುಂಚಿನ ಫೋಟೋ. ಎಂಟು ಸೆಕೆಂಡ್ ತೆರೆದಿಟ್ಟ ಷಟರ್‌ನಲ್ಲಿ ಅಲೆಗಳೆಲ್ಲ ಅಳಿಸಿ ನೀರು ಹಾಲಿನ ಕೆನೆಯಂತಾಗಿತ್ತು. ಚೆನ್ನಾಗಿದೆ ಅಂತ ಹೇಳೋಕೆ ಫೋನ್ ಮಾಡಿದೆ.

"ಐಎಸ್‌ಒ ನೋಡಿದ್ಯಾ?" ಅಂದರು ಅಪ್ಪ. "ನೂರು. ಸಾಲ ಇಲ್ಲ."

ಹಿಂದೆ ಅಮ್ಮನ ದನಿ: "ಸಾಕು ಬನ್ನಿ, ಕಾಫಿ ಆರೋಗುತ್ತೆ."